ನಕ್ಷತ್ರದ ವಯಸ್ಸಿನ ಜೊತೆ ಆಮ್ಲಜನಕದ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ‘ಬ್ರಹ್ಮಾಂಡಕ್ಕಿಂತ ಹಳೆಯ ನಕ್ಷತ್ರ, ವಿಜ್ಞಾನಿಗಳು ತಬ್ಬಿಬ್ಬು’ ಎನ್ನುವ ಅರ್ಥದ ಸುದ್ದಿ ಕನ್ನಡದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಟಿವಿಯಲ್ಲಿ ಬರುತ್ತದೆ, ಮೊಬೈಲಿಗೆ ಬರುತ್ತದೆ, ಪತ್ರಿಕೆಗಳ ಒಳಪುಟದಲ್ಲೂ ಬರುತ್ತದೆ. ಪ್ರತಿ ಸಲವೂ ನಕ್ಷತ್ರ ಅದೇ, ಎಚ್‌ಡಿ 140283. ಅದಕ್ಕೆ ಮೆಥುಸೆಲಾ ಅಂತ ಅಡ್ಡಹೆಸರೂ ಇದೆ. ಕೊಡುವ ಅಂಕಿಯೂ ಅದೇ, 1,446 ಕೋಟಿ ವರ್ಷ. ಬ್ರಹ್ಮಾಂಡಕ್ಕೆ ಸುಮಾರು 1,380 ಕೋಟಿ ವರ್ಷ. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದು ಆಶ್ಚರ್ಯಸೂಚಕ ಹಾಕಿ, ಸುದ್ದಿ ಅಲ್ಲಿಗೆ ಮುಗಿಯುತ್ತದೆ.

ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಇಂಥ ಸುದ್ದಿ ಬಂದ ಮಾರನೇ ದಿನ ತರಗತಿಯಲ್ಲಿ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ‘ಮೇಡಂ, ಹಾಗಾದ್ರೆ ಬಿಗ್ ಬ್ಯಾಂಗ್ ಸುಳ್ಳಾ?’ ಪ್ರಶ್ನೆ ಬರುವುದು ಒಳ್ಳೆಯದೇ. ಆದರೆ ಸುದ್ದಿಯಲ್ಲಿ ಅರ್ಧ ಅಂಕಿಯೇ ಬಿಟ್ಟುಹೋಗಿರುತ್ತದೆ. ಅದು ನನ್ನ ತಕರಾರು. ಅದಕ್ಕೇ ಈ ಪತ್ರ.

2013ರಲ್ಲಿ ಹೊವರ್ಡ್ ಬಾಂಡ್ ಮತ್ತು ಸಂಗಡಿಗರು ಈ ನಕ್ಷತ್ರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹಬಲ್ ದೂರದರ್ಶಕದಿಂದ ಅದರ ದೂರವನ್ನು ತುಂಬ ನಿಖರವಾಗಿ ಅಳೆದಿದ್ದರು. ಸುಮಾರು 190 ಜ್ಯೋತಿರ್ವರ್ಷ. ಆ ದೂರದಿಂದ ನಕ್ಷತ್ರದ ನಿಜವಾದ ಹೊಳಪು ಸಿಕ್ಕಿತು. ಹೊಳಪನ್ನು ಕಂಪ್ಯೂಟರ್ ಮಾದರಿಗಳ ಜೊತೆ ಹೋಲಿಸಿ 1,446 ಕೋಟಿ ವರ್ಷ ಎಂದರು. ಅದರ ಪಕ್ಕದಲ್ಲೇ ಇನ್ನೊಂದು ಮಾತನ್ನೂ ಬರೆದಿದ್ದರು. ದೂರದ ಅಳತೆಯಲ್ಲಿರುವ ಅನುಮಾನದಿಂದ ವಯಸ್ಸು 31 ಕೋಟಿ ವರ್ಷ ಆಚೀಚೆ ಆಗಬಹುದು. ನಕ್ಷತ್ರದಲ್ಲಿ ಯಾವ ಧಾತು ಎಷ್ಟಿದೆ, ಅದರಲ್ಲೂ ಆಮ್ಲಜನಕ ಎಷ್ಟಿದೆ ಎನ್ನುವ ಅನುಮಾನವನ್ನೂ ಸೇರಿಸಿದರೆ ಅದು ಸುಮಾರು 80 ಕೋಟಿ ವರ್ಷ ಆಗುತ್ತದೆ. 1,446ರಲ್ಲಿ 80 ಕಳೆದು ನೋಡಿ. 1,366. ಬ್ರಹ್ಮಾಂಡದ ವಯಸ್ಸಿನೊಳಗೇ ಬಂತು. ಜಗಳವೇನೂ ಇಲ್ಲ ಅಂತ ಆ ಪ್ರಬಂಧವೇ ಹೇಳಿದೆ. ತಬ್ಬಿಬ್ಬಾದವರು ಅದನ್ನು ಬರೆದವರಲ್ಲ.

80 ಕೋಟಿ ವರ್ಷ ಸಣ್ಣ ಅವಧಿಯಲ್ಲ. ಅದರ ದೊಡ್ಡ ಪಾಲು ಬಂದಿದ್ದು ಆಮ್ಲಜನಕದಿಂದ. ಒಂದು ಧಾತು ಸ್ವಲ್ಪ ಜಾಸ್ತಿ ಇದೆಯಾ, ಕಮ್ಮಿ ಇದೆಯಾ ಅನ್ನುವುದರಿಂದ ನಕ್ಷತ್ರದ ವಯಸ್ಸು ಕೋಟಿಗಟ್ಟಲೆ ವರ್ಷ ಹೇಗೆ ಬದಲಾಗುತ್ತದೆ? ಅಸಲು ಸುದ್ದಿ ಅಲ್ಲಿದೆ. ಕನ್ನಡದ ಓದುಗರಿಗೆ ಅದು ಸಿಗುತ್ತಿಲ್ಲ ಅನ್ನುವುದು ನನ್ನ ಬೇಸರ.

ಮೊದಲು ಒಂದು ವಿಷಯ. ನಕ್ಷತ್ರದ ವಯಸ್ಸನ್ನು ಯಾರೂ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಅಳೆಯುವುದು ಹೊಳಪು, ಬಣ್ಣ, ದೂರ ಮತ್ತು ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಕಾಣುವ ಕಪ್ಪು ಗೆರೆಗಳನ್ನು. ಆಮೇಲೆ ಕಂಪ್ಯೂಟರ್‌ನಲ್ಲಿ ಅದೇ ಥರದ ನಕ್ಷತ್ರವನ್ನು ಹುಟ್ಟಿನಿಂದ ಬೆಳೆಸುತ್ತಾ ಬರುತ್ತಾರೆ. ಎಷ್ಟು ವರ್ಷಕ್ಕೆ ಅದು ಈಗ ಕಾಣುವ ಹೊಳಪು ಮತ್ತು ಬಣ್ಣಕ್ಕೆ ಬರುತ್ತದೋ ಅಷ್ಟು ವಯಸ್ಸು. ಲೆಕ್ಕದ ಬುನಾದಿ ನಾಲ್ಕು ಸಮೀಕರಣಗಳು. ಪ್ರತಿ ಪದರದಲ್ಲಿ ಎಷ್ಟು ದ್ರವ್ಯವಿದೆ, ಒತ್ತಡವು ಗುರುತ್ವವನ್ನು ಹೇಗೆ ತಡೆದು ನಿಂತಿದೆ, ಶಕ್ತಿ ಎಲ್ಲಿ ಎಷ್ಟು ಹುಟ್ಟುತ್ತದೆ, ಹುಟ್ಟಿದ ಶಕ್ತಿ ಹೊರಗೆ ಹೇಗೆ ಬರುತ್ತದೆ. ಇಷ್ಟೇ. ಆದರೆ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆ. ಕೈಯಲ್ಲಿ ಬಿಡಿಸುವುದು ಆಗದ ಮಾತು. ನಕ್ಷತ್ರವನ್ನು ನೂರಾರು, ಸಾವಿರಾರು ಪದರಗಳಾಗಿ ಹಂಚಿ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ವಿಧಾನವನ್ನು ಲೂಯಿ ಹೆನ್ಯೆ ಮತ್ತು ಸಂಗಡಿಗರು 1959ರಿಂದ 1964ರ ನಡುವೆ ಬೆಳೆಸಿದರು. ಇವತ್ತಿನ ಬಹುಪಾಲು ಪ್ರೋಗ್ರಾಂಗಳ ಒಳಗೆ ಇರುವುದು ಅದೇ ವಿಧಾನ.

ಇಂಥ ಪ್ರೋಗ್ರಾಂಗಳಲ್ಲಿ ಈಗ ತುಂಬ ಬಳಕೆಯಲ್ಲಿರುವುದು ಮೆಸಾ. ಬಿಲ್ ಪ್ಯಾಕ್ಸ್‌ಟನ್ ಶುರು ಮಾಡಿದ್ದು. ಅದರ ಮೊದಲ ಪ್ರಬಂಧ ಬಂದಿದ್ದು 2011ರಲ್ಲಿ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ತೆರೆದು ಓದಬಹುದು, ತಿದ್ದಬಹುದು. ಕೋಡ್ ಇರುವುದು ಫೋರ್ಟ್ರಾನ್‌ನಲ್ಲಿ. ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ನಾನು ಪ್ರಾಜೆಕ್ಟ್ ಆಗಿ ಇದನ್ನೇ ಕೊಡುತ್ತೇನೆ. ಲಿನಕ್ಸ್ ಹಾಕಿದ, ಸ್ವಲ್ಪ ಜಾಸ್ತಿ ರ‍್ಯಾಮ್ ಇರುವ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಇನ್‌ಸ್ಟಾಲ್ ಮಾಡುವುದರಲ್ಲೇ ಮಕ್ಕಳು ಸುಸ್ತಾಗುತ್ತಾರೆ ಅನ್ನುವುದು ನಿಜ. ಅದೊಂದು ದಾಟಿದರೆ ಮುಂದಿನದು ಸಲೀಸು.

ಕಳೆದ ವರ್ಷದ ಒಂದು ಮಧ್ಯಾಹ್ನದ ಲ್ಯಾಬ್ ಬಗ್ಗೆ ಹೇಳುತ್ತೇನೆ. ಒಬ್ಬ ಹುಡುಗಿ ಸೂರ್ಯನ 0.8 ಪಾಲು ತೂಕದ ನಕ್ಷತ್ರವನ್ನು ಬೆಳೆಸುತ್ತಿದ್ದಳು. ಮೆಸಾಗೆ ಏನು ಮಾಡಬೇಕು ಅಂತ ಹೇಳುವುದು ಒಂದು ಸಣ್ಣ ಪಠ್ಯ ಕಡತದಲ್ಲಿ. ಅದಕ್ಕೆ ಇನ್‌ಲಿಸ್ಟ್ ಅನ್ನುತ್ತಾರೆ. ಅದರಲ್ಲಿ ಒಂದು ಸಾಲು ತೂಕಕ್ಕೆ, ಒಂದು ಸಾಲು ಲೋಹದ ಪಾಲಿಗೆ. ಖಗೋಳದವರ ಲೆಕ್ಕದಲ್ಲಿ ಜಲಜನಕ, ಹೀಲಿಯಂ ಬಿಟ್ಟು ಮಿಕ್ಕಿದ್ದೆಲ್ಲ ಲೋಹವೇ. ಇಂಗಾಲವೂ ಲೋಹ, ಆಮ್ಲಜನಕವೂ ಲೋಹ. ಮೊದಲ ಸಲ ಅವಳು 0.02 ಹಾಕಿ ಓಡಿಸಿದಳು. ಅಂದರೆ ನೂರಕ್ಕೆ ಎರಡು ಪಾಲು, ಹೆಚ್ಚುಕಮ್ಮಿ ಸೂರ್ಯನ ಥರ. ತೆರೆಯ ಮೇಲಿನ ನಕ್ಷೆಯಲ್ಲಿ (ಮೇಲಕ್ಕೆ ಹೋದಷ್ಟೂ ಹೊಳಪು ಜಾಸ್ತಿ, ಎಡಕ್ಕೆ ಹೋದಷ್ಟೂ ಬಿಸಿ ಜಾಸ್ತಿ) ನಕ್ಷತ್ರದ ಚುಕ್ಕಿ ನಿಧಾನಕ್ಕೆ ಮೇಲೇರುತ್ತಾ ಹೋಯಿತು. ವಯಸ್ಸಿನ ಅಂಕಿ 1,000 ಕೋಟಿ ದಾಟಿತು, 2,000 ಕೋಟಿ ದಾಟಿತು. ನಕ್ಷತ್ರ ಮಾತ್ರ ಇನ್ನೂ ಒಡಲಿನ ಜಲಜನಕವನ್ನು ಉರಿಸುತ್ತಾ ನೆಮ್ಮದಿಯಾಗಿತ್ತು.

ಆಮೇಲೆ ಆ ಒಂದೇ ಸಾಲನ್ನು ಬದಲಾಯಿಸಿದಳು. 0.02 ಇದ್ದಲ್ಲಿ 0.0002. ಬೇರೇನೂ ಮುಟ್ಟಲಿಲ್ಲ. ಈ ಸಲ ಚುಕ್ಕಿ ಶುರುವಾಗಿದ್ದೇ ಬೇರೆ ಜಾಗದಲ್ಲಿ. ಜಾಸ್ತಿ ಬಿಸಿ, ಜಾಸ್ತಿ ಹೊಳಪು. 1,300 ಕೋಟಿ ವರ್ಷದ ಆಸುಪಾಸಿಗೆ ನಡುವಿನ ಜಲಜನಕ ಖಾಲಿ. ಚುಕ್ಕಿ ಬಲಕ್ಕೆ ತಿರುಗಿ ಕೆಂಪು ದೈತ್ಯದ, ಅಂದರೆ ಮುದಿಯಾಗಿ ಊದಿಕೊಂಡ ನಕ್ಷತ್ರದ, ದಾರಿ ಹಿಡಿಯಿತು. ‘ಮೇಡಂ, ಲೋಹ ಕಮ್ಮಿ ಇದ್ರೆ ಉರಿಯೋ ಜಲಜನಕ ಜಾಸ್ತಿ ಇರುತ್ತಲ್ವಾ? ಮತ್ತೆ ಬೇಗ ಯಾಕೆ ಮುಗೀತು?’ ಅಂತ ಕೇಳಿದಳು.

ಇದೇ ಪ್ರಶ್ನೆಯಲ್ಲಿ ಇಡೀ ವಿಷಯ ಇದೆ. ಲೋಹದ ಪರಮಾಣುಗಳು ಬೆಳಕನ್ನು ಹಿಡಿಯುವುದರಲ್ಲಿ ನಿಸ್ಸೀಮರು. ಜಲಜನಕಕ್ಕೆ ಇರುವುದು ಒಂದೇ ಎಲೆಕ್ಟ್ರಾನ್. ಒಳಗಿನ ಬಿಸಿಯಲ್ಲಿ ಅದೂ ಕಳಚಿಹೋಗಿರುತ್ತದೆ. ಕಬ್ಬಿಣದಂಥ ಧಾತು ಅಷ್ಟು ಬಿಸಿಯಲ್ಲೂ ಕೆಲವು ಎಲೆಕ್ಟ್ರಾನುಗಳನ್ನು ಉಳಿಸಿಕೊಂಡು, ಹೊರಗೆ ಹೊರಟ ಬೆಳಕನ್ನು ತಡೆಯುತ್ತಾ ಇರುತ್ತದೆ. ಹಾಗಾಗಿ ಲೋಹ ಅನ್ನುವುದು ನಕ್ಷತ್ರ ಹೊದ್ದ ಕಂಬಳಿ ಇದ್ದ ಹಾಗೆ. ಕಂಬಳಿ ತೆಳುವಾದರೆ ಶಾಖ ಬೇಗ ಸೋರುತ್ತದೆ. ಸೋರಿದ್ದನ್ನು ತುಂಬಲು ನಡುವಿನಲ್ಲಿ ಜಲಜನಕ ಜೋರಾಗಿ ಉರಿಯಬೇಕು. ಜಲಜನಕ ತುಸು ಜಾಸ್ತಿ ಇದ್ದರೂ ಉರಿಯುವ ವೇಗ ಅದಕ್ಕಿಂತ ಎಷ್ಟೋ ಜಾಸ್ತಿ. ಸೂರ್ಯನಷ್ಟೇ ತೂಕದ ನಕ್ಷತ್ರಕ್ಕೂ ಇದೇ ಕಥೆ. ನಮ್ಮ ಸೂರ್ಯನ ಥರದ ಮಿಶ್ರಣ ಇದ್ದರೆ ಸುಮಾರು 1,000 ಕೋಟಿ ವರ್ಷ ಜಲಜನಕ ಉರಿಸುತ್ತದೆ. ಲೋಹ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಇದ್ದರೆ 600 ಕೋಟಿ ವರ್ಷದ ಆಸುಪಾಸಿನಲ್ಲೇ ಮುಗಿಯುತ್ತದೆ.

ಇಲ್ಲಿ ‘ಕಡಿಮೆ ತೂಕದ ನಕ್ಷತ್ರ’ಗಳೇ ಯಾಕೆ ಮುಖ್ಯ ಅನ್ನುವುದನ್ನೂ ಹೇಳಬೇಕು. ಬ್ರಹ್ಮಾಂಡದ ಮೊದಲ ದಿನಗಳಲ್ಲಿ ಹುಟ್ಟಿದ ಭಾರೀ ನಕ್ಷತ್ರಗಳೆಲ್ಲ ಎಂದೋ ಸತ್ತಿವೆ. ಅಷ್ಟು ಹಳೆಯ ಕಾಲದವು ಇವತ್ತಿಗೂ ಜೀವಂತ ಇದ್ದರೆ ಅವು ಸೂರ್ಯನಿಗಿಂತ ಕಡಿಮೆ ತೂಕದವೇ. ನಮ್ಮ ಗ್ಯಾಲಕ್ಸಿಯ ಹಳೆಯ ಗೋಳಗುಚ್ಛಗಳಲ್ಲಿ (ಚೆಂಡಿನ ಹಾಗೆ ಒತ್ತಾಗಿ ಸೇರಿದ ನಕ್ಷತ್ರಗಳ ದೊಡ್ಡ ಗುಂಪುಗಳು) ಈಗ ಜಲಜನಕ ಮುಗಿಸಿ ದಾರಿ ಬದಲಿಸುತ್ತಿರುವ ನಕ್ಷತ್ರಗಳು ಸೂರ್ಯನ ಸುಮಾರು 0.8 ಪಾಲು ತೂಕದವು. ಎಚ್‌ಡಿ 140283 ಕೂಡ ಅಷ್ಟೇ ತೂಕದ್ದು. ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಇನ್ನೂರೈವತ್ತರಲ್ಲಿ ಒಂದು ಪಾಲು ಮಾತ್ರ. ಕಬ್ಬಿಣ ಹೆಚ್ಚು ಹುಟ್ಟುವ ಮೊದಲೇ ಹುಟ್ಟಿದ ನಕ್ಷತ್ರ ಅದು.

ಈ ನಕ್ಷತ್ರಕ್ಕೆ ಇನ್ನೊಂದು ಇತಿಹಾಸವೂ ಇದೆ. ನಕ್ಷತ್ರಗಳೆಲ್ಲ ಒಂದೇ ಮಿಶ್ರಣದವು ಅಂತ ಒಂದು ಕಾಲದಲ್ಲಿ ಬಲವಾಗಿ ನಂಬಿದ್ದರು. 1951ರಲ್ಲಿ ಜೋಸೆಫ್ ಚೇಂಬರ್ಲೇನ್ ಮತ್ತು ಲಾರೆನ್ಸ್ ಅಲರ್ ಎರಡು ನಕ್ಷತ್ರಗಳ ರೋಹಿತ ನೋಡಿ, ಇವುಗಳಲ್ಲಿ ಲೋಹ ಸೂರ್ಯನಿಗಿಂತ ತೀರಾ ಕಮ್ಮಿ ಇದೆ ಅಂತ ತೋರಿಸಿದರು. ಆ ಎರಡರಲ್ಲಿ ಒಂದು ಇದೇ ಎಚ್‌ಡಿ 140283. ಮಿಶ್ರಣ ನಕ್ಷತ್ರದಿಂದ ನಕ್ಷತ್ರಕ್ಕೆ ಬೇರೆ ಅನ್ನುವ ಅರಿವು ಗಟ್ಟಿಯಾಗಿದ್ದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ‘ಬ್ರಹ್ಮಾಂಡಕ್ಕಿಂತ ಹಳೆಯದು’ ಅನ್ನುವ ಅರ್ಧ ಸುದ್ದಿಗಿಂತ ಇದು ಎಷ್ಟೋ ದೊಡ್ಡ ಸುದ್ದಿ ಅಲ್ವಾ?

ಇನ್ನೂ ಹಿಂದಕ್ಕೆ ಹೋದರೆ ನಮ್ಮವರೇ ಸಿಗುತ್ತಾರೆ. ರೋಹಿತದ ಗೆರೆ ದಪ್ಪ ಇದ್ದರೆ ಧಾತು ಜಾಸ್ತಿ, ತೆಳು ಇದ್ದರೆ ಕಮ್ಮಿ ಅಂತ ನೇರವಾಗಿ ಹೇಳಲು ಬರುವುದಿಲ್ಲ. ಬಿಸಿ ಎಷ್ಟಿದೆ ಅನ್ನುವುದರ ಮೇಲೆ ಗೆರೆಯ ದಪ್ಪ ಬದಲಾಗುತ್ತದೆ. ಆ ಲೆಕ್ಕದ ಕೀಲಿಯನ್ನು 1920ರಲ್ಲಿ ಕೊಟ್ಟವರು ಮೇಘನಾದ ಸಹಾ. ಅವರ ಸಮೀಕರಣವನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ, ನಕ್ಷತ್ರಗಳಲ್ಲಿ ಜಲಜನಕ ಮತ್ತು ಹೀಲಿಯಂ ಬೇರೆಲ್ಲದಕ್ಕಿಂತ ಅಗಾಧವಾಗಿ ಜಾಸ್ತಿ ಇವೆ ಅನ್ನುವ ಲೆಕ್ಕಕ್ಕೆ ಬಂದರು. ಆಗಿನ ದೊಡ್ಡ ವಿದ್ವಾಂಸ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ಪೇನ್ ಆ ಫಲಿತಾಂಶ ಬಹುಶಃ ನಿಜವಿರಲಾರದು ಅಂತ ಬರೆಯಬೇಕಾಯಿತು. ನಾಲ್ಕು ವರ್ಷದ ನಂತರ, 1929ರಲ್ಲಿ, ರಸೆಲ್ ತಾವೇ ಅದೇ ತೀರ್ಮಾನಕ್ಕೆ ಬಂದರು. ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಹೇಳದೆ ನಾನು ನಕ್ಷತ್ರದ ಪಾಠ ಶುರು ಮಾಡುವುದಿಲ್ಲ.

ಆಮ್ಲಜನಕದ ವಿಷಯಕ್ಕೆ ಬರುತ್ತೇನೆ. ಹಳೆಯ ನಕ್ಷತ್ರದಲ್ಲಿ ಕಬ್ಬಿಣ ಇನ್ನೂರೈವತ್ತರಲ್ಲಿ ಒಂದು ಪಾಲು ಇದ್ದರೆ ಆಮ್ಲಜನಕವೂ ಅಷ್ಟೇ ಕಮ್ಮಿ ಇರುತ್ತದೆ ಅಂತ ತಿಳಿಯುವ ಹಾಗಿಲ್ಲ. ಆಮ್ಲಜನಕ ಹುಟ್ಟುವುದು ಭಾರೀ ನಕ್ಷತ್ರಗಳ ಒಳಗೆ. ಅವು ಬೇಗ ಸಿಡಿದು ಅದನ್ನು ಹೊರಗೆ ಚೆಲ್ಲುತ್ತವೆ. ಕಬ್ಬಿಣದ ದೊಡ್ಡ ಪಾಲು ಬರುವುದು ಶ್ವೇತಕುಬ್ಜಗಳು (ಉರಿದು ಮುಗಿದ ನಕ್ಷತ್ರಗಳ ಉಳಿದ ತಿರುಳು) ಸಿಡಿದಾಗ, ಅದಕ್ಕೆ ತುಂಬ ಕಾಲ ಬೇಕು. ಹಾಗಾಗಿ ಮೊದಲ ತಲೆಮಾರುಗಳ ನಕ್ಷತ್ರದಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕ ಧಾರಾಳ. ಎಷ್ಟು ಧಾರಾಳ ಅನ್ನುವುದೇ ಕಷ್ಟ. ಅದರ ಗೆರೆಗಳು ಕ್ಷೀಣ. ಯಾವ ಗೆರೆಯನ್ನು ಓದಿದೆವು, ಯಾವ ತಾಪಮಾನ ಹಿಡಿದೆವು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆಮ್ಲಜನಕ ಜಾಸ್ತಿ ಇಟ್ಟರೆ ಮಾದರಿ ನಕ್ಷತ್ರ ಬೇಗ ದಾರಿ ಬದಲಿಸುತ್ತದೆ. ಇಂಗಾಲ, ಸಾರಜನಕ, ಆಮ್ಲಜನಕ ಮೂರೂ ಸೇರಿ ಜಲಜನಕವನ್ನು ಹೀಲಿಯಂ ಮಾಡುವ ಒಂದು ಚಕ್ರ ಇದೆ. ಜಲಜನಕ ಮುಗಿಯುತ್ತಾ ಬಂದ ಹೊತ್ತಿನಲ್ಲಿ ಆ ಚಕ್ರದ ಪಾತ್ರ ದೊಡ್ಡದು. ಬೆಳಕು ತಡೆಯುವುದರಲ್ಲೂ ಆಮ್ಲಜನಕಕ್ಕೆ ಪಾಲು ಇದೆ. ಹೀಗಾಗಿ ಆಮ್ಲಜನಕದ ಅಂಕಿ ಮೇಲೆ ಹೋದರೆ ವಯಸ್ಸಿನ ಅಂಕಿ ಕೆಳಗೆ ಬರುತ್ತದೆ.

ಹೀಲಿಯಂನದು ಇನ್ನೂ ವಿಚಿತ್ರ. ಸೂರ್ಯನ ಥರದ ತಂಪು ಮೇಲ್ಮೈ ಇರುವ ನಕ್ಷತ್ರದಲ್ಲಿ ಹೀಲಿಯಂ ಎಷ್ಟಿದೆ ಅಂತ ಅದರ ಮಾಮೂಲಿ ರೋಹಿತ ಹೇಳುವುದೇ ಇಲ್ಲ. ಅದರ ಗೆರೆ ಮೂಡಲು ಬೇಕಾದಷ್ಟು ಬಿಸಿ ಅಲ್ಲಿಲ್ಲ. ಸೂರ್ಯನ ಮೇಲ್ಪದರದ ಹೀಲಿಯಂ ನೂರಕ್ಕೆ ಸುಮಾರು 25 ಅಂತ ನಮಗೆ ಗೊತ್ತಾಗಿರುವುದು ಸೂರ್ಯನ ಕಂಪನಗಳನ್ನು ಓದಿ. ದೂರದ ನಕ್ಷತ್ರಗಳಿಗೆ ಮಾದರಿ ಮಾಡುವವರು ಬಹಳ ಸಲ ಊಹೆಯಿಂದಲೇ ಹೀಲಿಯಂ ಇಡುತ್ತಾರೆ. ಬಿಗ್ ಬ್ಯಾಂಗ್ ಬಿಟ್ಟುಹೋದ ಸುಮಾರು 24.7ಕ್ಕೆ, ಲೋಹ ಹೆಚ್ಚಿದ ಹಾಗೆ ಸ್ವಲ್ಪ ಸೇರಿಸುತ್ತಾ ಹೋಗುತ್ತಾರೆ. ಆ ಊಹೆ ಎಲ್ಲ ಕಡೆ ನಡೆಯುವುದಿಲ್ಲ ಅಂತ ತೋರಿಸಿಕೊಟ್ಟಿದ್ದು ಒಮೆಗಾ ಸೆಂಟಾರಿ ಗೋಳಗುಚ್ಛ. ಏಪ್ರಿಲ್, ಮೇ ರಾತ್ರಿಗಳಲ್ಲಿ ನಮ್ಮ ಊರುಗಳಿಂದ ದಕ್ಷಿಣ ದಿಕ್ಕಿನಲ್ಲಿ ಬೈನಾಕ್ಯುಲರ್‌ಗೆ ಚೆನ್ನಾಗಿ ಸಿಗುತ್ತದೆ. ಬೆಳಕಿನ ಕಾಟ ಇಲ್ಲದ ಕಡೆ ಬರಿಗಣ್ಣಿಗೇ ಮಸುಕು ಚುಕ್ಕಿ. 2004ರಲ್ಲಿ ಹಬಲ್ ಚಿತ್ರಗಳನ್ನು ಅಳೆದವರು ಅದರ ನಕ್ಷತ್ರಗಳು ಹೊಳಪು-ಬಣ್ಣದ ನಕ್ಷೆಯಲ್ಲಿ ಒಂದೇ ಗೆರೆಯಾಗದೆ ಎರಡಾಗಿ ಸೀಳುವುದನ್ನು ತೋರಿಸಿದರು. ಒಂದು ಗುಂಪಿನಲ್ಲಿ ಹೀಲಿಯಂ ನೂರಕ್ಕೆ 38ರ ಹತ್ತಿರ ಇದೆ ಅಂತ ಇಟ್ಟುಕೊಂಡರೆ ಮಾತ್ರ ಮಾದರಿ ಹೊಂದುತ್ತದೆ. ಹೀಲಿಯಂ ಅಷ್ಟು ಜಾಸ್ತಿ ಇದ್ದರೆ ನಕ್ಷತ್ರ ಬೇಗ ಮುಗಿಯುತ್ತದೆ. ಹಾಗಾಗಿ ಅದೇ ಗುಚ್ಛದಲ್ಲಿ, ಹೆಚ್ಚುಕಮ್ಮಿ ಅದೇ ವಯಸ್ಸಿಗೆ, ಒಂದು ಗುಂಪಿನಲ್ಲಿ 0.8 ತೂಕದವು ಮುದಿಯಾಗುತ್ತಿದ್ದರೆ ಹೀಲಿಯಂ ಜಾಸ್ತಿ ಇರುವ ಗುಂಪಿನಲ್ಲಿ 0.6ರ ಆಸುಪಾಸಿನವೇ ಮುದಿಯಾಗುತ್ತಿವೆ.

ಸೂರ್ಯನ ಲೆಕ್ಕವೇ ಇನ್ನೂ ಇತ್ಯರ್ಥ ಆಗಿಲ್ಲ ಅಂದರೆ ಓದುಗರಿಗೆ ಆಶ್ಚರ್ಯ ಆದೀತು. ಲೋಹ ನೂರಕ್ಕೆ 1.7ರಷ್ಟು ಅಂತ 1998ರ ಪಟ್ಟಿ ಹೇಳಿತು. 2009ರಲ್ಲಿ ಮಾರ್ಟಿನ್ ಆಸ್ಪ್ಲುಂಡ್ ತಂಡ ಹೊಸ ವಿಧಾನದಿಂದ ಅಳೆದು 1.34 ಎಂದಿತು. ಇಳಿದಿದ್ದರಲ್ಲಿ ಮುಖ್ಯವಾದದ್ದು ಆಮ್ಲಜನಕವೇ. ಆ ಅಂಕಿ ಹಾಕಿ ಮಾದರಿ ಮಾಡಿದರೆ ಸೂರ್ಯನ ಕಂಪನಗಳ ಜೊತೆ ಹೊಂದುವುದಿಲ್ಲ. 2022ರಲ್ಲಿ ಇನ್ನೊಂದು ತಂಡ ಮತ್ತೆ 1.7ರ ಹತ್ತಿರ ಎಂದಿತು. ಎಲ್ಲರೂ ಶ್ರದ್ಧೆಯಿಂದ ಅಳೆದವರೇ. ಎಂಟು ಬೆಳಕಿನ ನಿಮಿಷ ದೂರದ ಸೂರ್ಯನಿಗೇ ಹೀಗಾದರೆ ತುಲಾ ರಾಶಿಯ ದಿಕ್ಕಿನ, ಬರಿಗಣ್ಣಿಗೂ ಕಾಣದ ನಕ್ಷತ್ರದ ಮಿಶ್ರಣವನ್ನು ಎಷ್ಟು ಜೋಪಾನವಾಗಿ ಹೇಳಬೇಕು, ನೀವೇ ಯೋಚಿಸಿ.

ಮಾದರಿ ಅಂದರೆ ಸುಮ್ನೆ ಕಂಪ್ಯೂಟರ್ ಆಟ, ಬೇಕಾದ ಉತ್ತರ ಬರಿಸಿಕೊಳ್ಳಬಹುದು ಅಂತ ಕೆಲವರು ನನ್ನೆದುರೇ ಹೇಳಿದ್ದಾರೆ. ಹಾಗಲ್ಲ. ಅದು ತಪ್ಪಿದಾಗ ಕಣ್ಣಿಗೆ ಕಾಣುತ್ತದೆ, ಅದೇ ಅದರ ಬೆಲೆ. ಇದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಈಶ್ವರ ರೆಡ್ಡಿ, ಭರತ್ ಕುಮಾರ್ ಮತ್ತು ಸಂಗಡಿಗರು 2020ರಲ್ಲಿ ನೇಚರ್ ಆಸ್ಟ್ರಾನಮಿಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ ಲಿಥಿಯಂ. ಸೂರ್ಯನಂಥ ಕಡಿಮೆ ತೂಕದ ನಕ್ಷತ್ರ ಕೆಂಪು ದೈತ್ಯವಾಗಿ ಊದಿಕೊಳ್ಳುತ್ತಾ ಹೋದ ಹಾಗೆ ಮೇಲ್ಮೈಯ ಲಿಥಿಯಂ ಒಳಗೆ ಹೋಗಿ ನಾಶವಾಗುತ್ತದೆ, ಮತ್ತೆ ಹುಟ್ಟುವುದಿಲ್ಲ ಅಂತ ಮಾಮೂಲಿ ಮಾದರಿ ಹೇಳುತ್ತದೆ. ಇವರು ದೊಡ್ಡ ಸಮೀಕ್ಷೆಯ ರೋಹಿತಗಳನ್ನು ಜಾಲಾಡಿದರು. ಆ ಹಂತ ದಾಟಿ, ನಡುವಿನಲ್ಲಿ ಹೀಲಿಯಂ ಉರಿಸಲು ಶುರುಮಾಡಿದ ನಕ್ಷತ್ರಗಳಲ್ಲಿ ಲಿಥಿಯಂ ಸರಾಸರಿ 40 ಪಟ್ಟು ಜಾಸ್ತಿ ಕಂಡಿತು. ಅದೂ ಅಪರೂಪಕ್ಕೆ ಎಲ್ಲೋ ಒಂದೆರಡರಲ್ಲಿ ಅಲ್ಲ, ಸಾಮಾನ್ಯವಾಗಿ. ಅಂದರೆ ಮಾದರಿಯಲ್ಲಿ ಇಲ್ಲದ ಏನೋ ಒಂದು ನಿಜವಾದ ನಕ್ಷತ್ರದಲ್ಲಿ ನಡೆಯುತ್ತಿದೆ. ಮಾದರಿ ಖಚಿತವಾಗಿ ಒಂದು ಮಾತು ಹೇಳಿತ್ತು, ಅದಕ್ಕೇ ಅದು ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಲು ಆಯಿತು.

ಎಚ್‌ಡಿ 140283ರ ಲೆಕ್ಕವೂ 2013ಕ್ಕೆ ನಿಂತಿಲ್ಲ. 2000ದ ಸುಮಾರಿಗೆ ಅದಕ್ಕೆ 1,600 ಕೋಟಿ ವರ್ಷ ಅನ್ನುತ್ತಿದ್ದರು. ಆಮೇಲೆ 1,446 ಆಯಿತು. 2015ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲಿನ ದೂರದರ್ಶಕಗಳ ಸಾಲಿನಿಂದ ಅದರ ಅಗಲವನ್ನು ನೇರವಾಗಿ ಅಳೆದ ಫಲಿತಾಂಶ ಬಂತು. ಇದು ದೊಡ್ಡ ಹೆಜ್ಜೆ. ಅಗಲ ಗೊತ್ತಾದರೆ ಮಾದರಿಗೆ ತಪ್ಪಿಸಿಕೊಳ್ಳಲು ಜಾಗ ಕಮ್ಮಿಯಾಗುತ್ತದೆ. ಮಾದರಿಯೊಳಗೆ ಬಿಸಿ ಅನಿಲ ಕುದಿಯುತ್ತಾ ಎಷ್ಟು ದೂರ ಮೇಲೇರುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇಡುತ್ತಾರೆ. ಅದನ್ನು ಸೂರ್ಯನಿಗೆ ಹೊಂದಿಸಿ, ಬೇರೆ ಎಲ್ಲ ನಕ್ಷತ್ರಕ್ಕೂ ಹಾಗೇ ಬಳಸುವುದು ರೂಢಿ. ಲೋಹ ಇಷ್ಟು ಕಮ್ಮಿ ಇರುವ ನಕ್ಷತ್ರಕ್ಕೆ ಸೂರ್ಯನ ಅಂಕಿ ಹೊಂದುವುದಿಲ್ಲ ಅಂತ ಮೆರಿಡಿತ್ ಜಾಯ್ಸ್ ಮತ್ತು ಬ್ರಯನ್ ಶಬೋಯೆ 2018ರಲ್ಲಿ ತೋರಿಸಿದರು. 2021ರಲ್ಲಿ ಜಾಯ್ಸ್ ಇನ್ನೊಬ್ಬರ ಜೊತೆ ಸೇರಿ ಮೆಸಾದಲ್ಲೇ ಈ ನಕ್ಷತ್ರವನ್ನು ಮತ್ತೆ ಬೆಳೆಸಿದರು. ಬಂದ ವಯಸ್ಸು ಸುಮಾರು 1,200 ಕೋಟಿ ವರ್ಷ. ಬ್ರಹ್ಮಾಂಡಕ್ಕಿಂತ ಧಾರಾಳವಾಗಿ ಚಿಕ್ಕದು. ಅದೇ ಮೆಸಾ. ನನ್ನ ಮಕ್ಕಳು ಲ್ಯಾಬಿನಲ್ಲಿ ಓಡಿಸುವುದೂ ಅದೇ. ಈ 1,200ರ ಸುದ್ದಿ 1,446ರಷ್ಟು ದೊಡ್ಡದಾಗಿ ಬಂದಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಆದ್ದರಿಂದ ಪತ್ರಿಕೆಗೆ ನನ್ನ ಬೇಡಿಕೆ ಇದು. ನಕ್ಷತ್ರದ ವಯಸ್ಸಿನ ಸುದ್ದಿ ಏಜೆನ್ಸಿಯಿಂದ ಬಂದಾಗ ಅಂಕಿಯ ಪಕ್ಕದ ‘ಹೆಚ್ಚು ಅಥವಾ ಕಮ್ಮಿ’ ಅಂಕಿಯನ್ನು ದಯವಿಟ್ಟು ಕತ್ತರಿಸಬೇಡಿ. ಜಾಗ ಇಲ್ಲ ಅಂದರೆ ಶೀರ್ಷಿಕೆಯ ಆಶ್ಚರ್ಯಸೂಚಕ ತೆಗೆಯಿರಿ. ಯಾವ ಮಿಶ್ರಣ ಹಿಡಿದು ಆ ವಯಸ್ಸಿಗೆ ಬಂದರು ಅಂತ ಒಂದೇ ಒಂದು ಸಾಲು ಸೇರಿಸಿ. ಆಮ್ಲಜನಕ, ಹೀಲಿಯಂ, ಕಬ್ಬಿಣ ಇವೆಲ್ಲ ನಮ್ಮ ಏಳನೇ ತರಗತಿ ಮಕ್ಕಳಿಗೂ ಗೊತ್ತಿರುವ ಹೆಸರುಗಳೇ. ಓದುಗರಿಗೆ ಅರ್ಥ ಆಗುವುದಿಲ್ಲ ಅನ್ನುವ ಭಯ ಬೇಡ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ನನ್ನ ಲ್ಯಾಬಿನಲ್ಲಿ ಒಂದು ಸಾಲು ಬದಲಾಯಿಸಿ ನಕ್ಷತ್ರದ ಆಯಸ್ಸು ಅರ್ಧ ಆಗುವುದನ್ನು ನೋಡಿ, ಕಾರಣ ಕೇಳುತ್ತಾರೆ. ಅವರಿಗೆ ಕಾರಣ ಇರುವ ಸುದ್ದಿ ಬೇಕು.

ಬೇರೆ ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರೂ ಈ ಪತ್ರ ಓದುತ್ತಾರೆ ಅಂದುಕೊಂಡಿದ್ದೇನೆ. ಅವರಿಗೆ ಒಂದು ಮಾತು. ಇನ್‌ಸ್ಟಾಲ್ ಮಾಡುವ ತಾಪತ್ರಯ ಬೇಡ ಅನ್ನಿಸಿದರೆ ಮೆಸಾ-ವೆಬ್ ಅಂತ ಇದೆ. ಬ್ರೌಸರ್‌ನಲ್ಲೇ ತೂಕ, ಲೋಹದ ಪಾಲು ತುಂಬಿ ಕಳಿಸಿದರೆ ಲೆಕ್ಕ ಅಲ್ಲಿಯೇ ನಡೆದು ಫಲಿತಾಂಶ ಇಮೇಲಿಗೆ ಬರುತ್ತದೆ. ಮೊದಲ ಪ್ರಾಜೆಕ್ಟ್ ಆಗಿ 0.8 ತೂಕ ಇಟ್ಟು ಲೋಹವನ್ನು ಮಾತ್ರ ಬದಲಾಯಿಸುತ್ತಾ ಐದಾರು ಸಲ ಓಡಿಸಿ, ಜಲಜನಕ ಮುಗಿಯುವ ವಯಸ್ಸನ್ನು ಗ್ರಾಫ್ ಹಾಕಿಸಿ. ಆಮೇಲೆ ಹೀಲಿಯಂ ಮುಟ್ಟಿ. ಎರಡನ್ನೂ ಒಟ್ಟಿಗೆ ಬದಲಾಯಿಸಲು ಮೊದಲೇ ಬಿಟ್ಟರೆ ಯಾವುದರಿಂದ ಏನಾಯಿತು ಅಂತ ಮಕ್ಕಳಿಗೆ ತಿಳಿಯುವುದಿಲ್ಲ. ನನ್ನ ವಿದ್ಯಾರ್ಥಿಗಳು ಮಾಡಿದ ಗ್ರಾಫ್‌ಗಳನ್ನೂ ಇನ್‌ಲಿಸ್ಟ್ ಕಡತಗಳನ್ನೂ ಕನ್ನಡ ಟಿಪ್ಪಣಿ ಸಮೇತ ಕೊಡಲು ಸಿದ್ಧಳಿದ್ದೇನೆ. ಪತ್ರಿಕೆಯ ವಿಜ್ಞಾನ ಪುಟಕ್ಕೆ ಉಪಯೋಗ ಆಗುವುದಾದರೆ ತಿಳಿಸಿ, ಕಳಿಸಿಕೊಡುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಭೌತಶಾಸ್ತ್ರ ಅಧ್ಯಾಪಕಿ,
ತಿಪಟೂರು